ಜರಡಿ ಇರುವಾಗ ಗಾರ್ಬಲ್ ಯಾಕೆ?

ಪುತ್ತೂರು, ಸುಳ್ಯ, ಕಡಬದ ಅಡಿಕೆ ಅಂಗಡಿಗಳಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ. ಪಟೋರ, ಕರಿಗೋಟು ಬೇರೆ ಮಾಡಬೇಕಾದರೆ ಗಾರ್ಬಲಿಗೆ, ಅಂದರೆ ಕೈಯಿಂದ ಹೆಕ್ಕಲು, ಕೂತವರು ಒಂದೊಂದು ಅಡಿಕೆಯನ್ನೂ ಕಣ್ಣಿಟ್ಟು ನೋಡಬೇಕು. ಗಾತ್ರ ನೋಡಿ ವಿಂಗಡಿಸುವುದಕ್ಕೆ ಜರಡಿ ಆಡಿಸಿದರೆ ಆಯಿತು. ಅವಿಭಾಜ್ಯ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಹೆಕ್ಕುವಾಗ ಮಾತ್ರ ನಮಗೆ ಈ ವಿವೇಕ ಮರೆತುಹೋಗುತ್ತದೆ. ಸಿ ಭಾಷೆ ಕಲಿಯುವ ಮಕ್ಕಳು ಮೊದಮೊದಲು ಬರೆಯುವ ಪ್ರೋಗ್ರಾಂಗಳಲ್ಲಿ ‘ಈ ಸಂಖ್ಯೆ ಅವಿಭಾಜ್ಯವೇ?’ ಎಂಬುದೂ ಒಂದು. ಅದನ್ನೇ ಒಂದು ಲೂಪಿನೊಳಗೆ ತುರುಕಿದರೆ ಪಟ್ಟಿ ಸಿದ್ಧ. ಉತ್ತರವೇನೋ ಸರಿಯೇ, ಆದರೆ ದುಡಿಮೆ ದಂಡ ಎನ್ನುವುದು ನನ್ನ ತಕರಾರು.

ಲೆಕ್ಕ ಹಾಕಿಯೇ ನೋಡೋಣ. ಹತ್ತು ಲಕ್ಷದೊಳಗೆ 78,498 ಅವಿಭಾಜ್ಯಗಳಿವೆ. ಕೊನೆಯದು 999983. ಅದು ಅವಿಭಾಜ್ಯವೆಂದು ಭಾಗಿಸಿಯೇ ಒಪ್ಪಬೇಕಾದರೆ ಸಾವಿರದೊಳಗಿನ 168 ಅವಿಭಾಜ್ಯಗಳಿಂದಲೂ ಭಾಗಿಸಬೇಕು, ಒಂದನ್ನೂ ಬಿಡುವಂತಿಲ್ಲ. ಎರಡೂವರೆ ಲಕ್ಷ ದಾಟಿದ ಪ್ರತಿಯೊಂದು ಅವಿಭಾಜ್ಯಕ್ಕೂ ಕನಿಷ್ಠ 95 ಭಾಗಾಕಾರ. ಅಂಥವು 56 ಸಾವಿರಕ್ಕೂ ಹೆಚ್ಚು. ಅಷ್ಟಕ್ಕೇ 53 ಲಕ್ಷ ಮೀರಿತು. ಇತ್ತ ಕ್ರಿಸ್ತಪೂರ್ವ ಮೂರನೆಯ ಶತಮಾನದ ಗ್ರೀಕ್ ಪಂಡಿತ ಎರಟೊಸ್ತನೀಸನ ಹೆಸರಿನ ಜರಡಿ ವಿಧಾನದಲ್ಲಿ ಭಾಗಾಕಾರವೇ ಇಲ್ಲ. 2ರಿಂದ ಹಿಡಿದು ಎಲ್ಲ ಸಂಖ್ಯೆಗಳನ್ನೂ ಸಾಲಾಗಿ ಬರೆದು 2ರ ಗುಣಕಗಳನ್ನು 4ರಿಂದ ಹೊಡೆದುಹಾಕಿ, 3ರವನ್ನು 9ರಿಂದ, 5ರವನ್ನು 25ರಿಂದ, 7ರವನ್ನು 49ರಿಂದ ಹೊಡೆಯುತ್ತ ಹೋಗುವುದು. 49ರ ಹಿಂದಿನ 14, 21, 28, 35, 42 ಆಗಲೇ ಅಳಿದಿರುತ್ತವಲ್ಲ! 997ರ ಸರದಿ ಮುಗಿದಾಗ ಉಳಿದದ್ದೆಲ್ಲ ಅವಿಭಾಜ್ಯ. ಒಟ್ಟು ಹೊಡೆತ 21 ಲಕ್ಷದ ಆಸುಪಾಸು. ಸಮಸಂಖ್ಯೆಗಳನ್ನು ಬರೆಯುವ ಗೋಜಿಗೇ ಹೋಗದಿದ್ದರೆ ಎಂಟು ಲಕ್ಷ ಚಿಲ್ಲರೆ.

ಮೆಮೊರಿ ಸಾಲದು ಎನ್ನುವವರಿದ್ದಾರೆ. ನೂರು ಕೋಟಿಯವರೆಗೆ ಬೆಸಸಂಖ್ಯೆಗೊಂದು ಬಿಟ್‌ನಂತೆ ಇಟ್ಟರೆ ಆರೂಕಾಲು ಕೋಟಿ ಬೈಟ್; ಇಂದಿನ ಮೊಬೈಲಿಗೂ ಅದು ಭಾರವಲ್ಲ. ಅದೂ ಹೆಚ್ಚಾಯಿತೆಂದರೆ ಸಾಲನ್ನು ತುಂಡು ತುಂಡು ಮಾಡಿ, ಪ್ರೊಸೆಸರಿನ ಕ್ಯಾಶ್‌ನಲ್ಲಿ ಹಿಡಿಸುವಷ್ಟನ್ನೇ ಒಂದು ಸಲಕ್ಕೆ ಜರಡಿ ಹಿಡಿಯಬಹುದು. ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು 31,622ರೊಳಗಿನ 3,401 ಅವಿಭಾಜ್ಯಗಳನ್ನು ಮಾತ್ರ. ಇದರಿಂದ ಜಾಗ ಉಳಿಯುವುದಷ್ಟೇ ಅಲ್ಲ, ವೇಗವೂ ಹೆಚ್ಚುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಬ್ಯಾಂಕಿನ ಗುಟ್ಟು ಕಾಯುವ 2048 ಬಿಟ್‌ನ ಆರ್‌ಎಸ್‌ಎ ಕೀಲಿಗೆ ಮುನ್ನೂರಕ್ಕೂ ಹೆಚ್ಚು ಅಂಕಿಗಳ ಎರಡು ಅವಿಭಾಜ್ಯಗಳು ಬೇಕು, ಅಲ್ಲಿ ಯಾವ ಜರಡಿ? ನಿಜ, ಅಷ್ಟು ಉದ್ದದ ಸಾಲನ್ನು ಬರೆದಿಡಲು ಜಗತ್ತೇ ಸಾಲದು. ಅಲ್ಲಿ ಯಾದೃಚ್ಛಿಕವಾಗಿ ಆರಿಸಿದ ಒಂದೊಂದು ಸಂಖ್ಯೆಯನ್ನೂ ಮಿಲ್ಲರ್–ರಾಬಿನ್ ಪರೀಕ್ಷೆಗೆ ಒಡ್ಡುತ್ತಾರೆ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಹಿಡಿದು ಜಗತ್ತಿನ ಗಣಿತಜ್ಞರನ್ನು ಬೆರಗುಗೊಳಿಸಿದ್ದೂ ಒಂದು ಸಂಖ್ಯೆಯ ಪರೀಕ್ಷೆಯನ್ನೇ. ಆದರೆ ಒಂದು ಸಂಖ್ಯೆಯ ಜಾತಕ ನೋಡುವುದು ಬೇರೆ, ಪಟ್ಟಿ ತಯಾರಿಸುವುದು ಬೇರೆ. ಪಟ್ಟಿಯೇ ಬೇಕಾದಲ್ಲಿ ಪರೀಕ್ಷೆ ಎಷ್ಟೇ ಜಾಣತನದ್ದಾದರೂ ಜರಡಿಯನ್ನು ಹಿಂದೆ ಹಾಕದು.

ನಮ್ಮೂರುಗಳ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಮಾಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಕೋರಿಕೆ: ಎರಡೂ ಪ್ರೋಗ್ರಾಂಗಳನ್ನು ಒಂದೇ ದಿನ ಬರೆಸಿ, ಹತ್ತು ಲಕ್ಷದವರೆಗೆ ಓಡಿಸಿ, ತಗಲಿದ ಸಮಯವನ್ನು ಮಕ್ಕಳಿಂದಲೇ ರೆಕಾರ್ಡಿನಲ್ಲಿ ಬರೆಯಿಸಿ.