ನಮ್ಮ ಸಂಘದ ನಡವಳಿ ಪುಸ್ತಕ

ಊರಿನ ಹೊರವಲಯದಲ್ಲಿ ಮನೆ ಕಟ್ಟಿಕೊಂಡ ಗೃಹಸ್ಥನಿಗೆ ಎರಡು ಸಂಸಾರಗಳು. ಒಂದು ಮನೆಯೊಳಗಣದು, ಇನ್ನೊಂದು ಬಡಾವಣೆಯ ನಿವಾಸಿಗಳ ಸಂಘ. ಮೊದಲನೆಯದರಲ್ಲಿ ಹುಟ್ಟಿದ ಜಗಳ ರಾತ್ರಿ ಎಲೆ ಹಾಕುವ ಹೊತ್ತಿಗೆ ತಣ್ಣಗಾಗುವುದುಂಟು. ಎರಡನೆಯದರಲ್ಲಿ ಹುಟ್ಟಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಆದಕಾರಣ ಅದು ತಣ್ಣಗಾಗುವುದಿಲ್ಲ. ಆ ಪುಸ್ತಕವನ್ನು ಬರೆಯುವ ಕೆಲಸ ನಮ್ಮ ಪಾಲಿಗೆ ಬಂದು ಆರು ವರ್ಷಗಳಾದುವು. ನಾವು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದವರು, ಅಕ್ಷರ ದುಂಡಗಿದೆ, ಸಂಜೆಯ ಹೊತ್ತು ಬೇರೆ ಕೆಲಸವಿಲ್ಲ. ಕಾರ್ಯದರ್ಶಿಯಾಗಲು ಇವಿಷ್ಟೇ ಸಾಕೆಂದು ಸದಸ್ಯರು ತೀರ್ಮಾನಿಸಿದರು. ನಾವೂ ಒಪ್ಪಿದೆವು.

ನಮ್ಮ ಬಡಾವಣೆ ಇರುವುದು ಬೆಂಗಳೂರಿನ ಪೂರ್ವಕ್ಕೆ, ಮಹದೇವಪುರದ ಆಚೆ, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ. ಹಿಂದಿನವರು ಊರನ್ನು ಬೆಳೆಸಿದ ರೀತಿ ಬೇರೆ. 1889ರಲ್ಲಿ ಮಲ್ಲೇಶ್ವರವನ್ನು ಯೋಜಿಸಿದಾಗಲೂ, 1898ರ ಪ್ಲೇಗಿನ ತರುವಾಯ ಜನ ಹೊಸ ಎಕ್ಸ್‌ಟೆನ್ಷನ್ನುಗಳಿಗೆ ಹೋದಾಗಲೂ, ರಸ್ತೆ ಗುರುತಿಸಿ ಮೋರಿ ತೋಡುವುದು ಮೊದಲು, ಗೃಹಪ್ರವೇಶ ಆಮೇಲೆ. ನಮ್ಮ ಕಡೆ ಗೃಹಪ್ರವೇಶ ಮೊದಲಾಯಿತು. ಮಿಕ್ಕದ್ದೆಲ್ಲ ಒಂದೊಂದಾಗಿ ಬರಬೇಕಾಯಿತು. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ ಬೆಟ್ಟ ಹತ್ತಿದಂತೆ ಮೇಲೇರಿ ಬೆಂಗಳೂರಿಗೆ ಬಂದದ್ದು 1974ರಲ್ಲಿ. ಸುತ್ತಣ 110 ಹಳ್ಳಿಗಳು ನಗರಕ್ಕೆ ಸೇರಿದ್ದು 2007ರಲ್ಲಿ. ಆ ಹಳ್ಳಿಗಳಿಗೆ ನೀರು ಕೊಡಲೆಂದು ಕೈಗೊಂಡ ಕಾವೇರಿಯ ಐದನೆಯ ಹಂತದ ಯೋಜನೆ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ನಮಗೆ ಕೊಳವೆ ಬಾವಿಯೇ ಕಾವೇರಿ, ಸಂಘವೇ ಸರ್ಕಾರ.

ಸಂಘ ಕಟ್ಟುವುದು ಕಷ್ಟದ ಕೆಲಸವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಜನ ಸೇರಿದರೆ ಸಂಘವಾಗುತ್ತದೆ. ಅನಂತರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು. ಆಡಳಿತ ಮಂಡಲಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ನಮ್ಮಲ್ಲಿ 62 ಮನೆಗಳು. ಸಭೆಗೆ ಕೋರಂ ಆಗುವಷ್ಟು ಜನ ಬರಬೇಕಾದರೆ ಕಾಫಿಯೊಡನೆ ಉದ್ದಿನ ವಡೆಯೂ ಇರಬೇಕೆಂಬುದು ಕಾಯಿದೆಯಲ್ಲಿ ಇಲ್ಲ, ಅನುಭವದಿಂದ ಕಲಿತದ್ದು.

ನಡವಳಿ ಪುಸ್ತಕವನ್ನು ಯಾರಾದರೂ ತಿರುವಿ ನೋಡಿದರೆ ನಮ್ಮನ್ನು ಕುರಿತು ಏನೆಂದುಕೊಳ್ಳುವರೋ ತಿಳಿಯದು. ಬೀದಿನಾಯಿಗಳ ವಿಚಾರ ಹನ್ನೊಂದು ಸಲ ಬಂದಿದೆ. ಮೂಲೆಯ ಮನೆಯ ಮಾವಿನ ಕೊಂಬೆ ಪಕ್ಕದ ಮನೆಯ ಅಂಗಳಕ್ಕೆ ಚಾಚಿಕೊಂಡ ವಿಚಾರ ಮೂರು ಸಲ. ಅದರ ಕಾಯಿ ಯಾರಿಗೆ ಸೇರಬೇಕೆಂಬುದು ಒಂದು ಸಲ. ಹಸಿ ಕಸ, ಒಣ ಕಸಗಳನ್ನು ಬೇರೆ ಮಾಡದವರ ಹೆಸರನ್ನು ಫಲಕದಲ್ಲಿ ಬರೆಯಬೇಕೆಂದು ಒಂದು ಸಭೆಯಲ್ಲಿ ಗೊತ್ತಾಯಿತು. ಮೊದಲನೆಯ ಹೆಸರೇ ಅಧ್ಯಕ್ಷರದಾಗುವಂತೆ ಕಂಡುದರಿಂದ ಮುಂದಿನ ಸಭೆಯಲ್ಲಿ ಅದನ್ನು ಕೈಬಿಟ್ಟೆವು. ಇವನ್ನೆಲ್ಲ ಬರೆಯುವಾಗ ನಮಗೆ ನಗು ಬರುತ್ತಿತ್ತು. ನಗು ಬಾರದೆ ಬರೆದದ್ದು ಒಂದೇ ಪುಟ. ಓದುಗರ ಮುಂದೆ ಇಡಬೇಕೆಂದಿರುವುದು ಆ ಪುಟವನ್ನು.

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಫೆಬ್ರವರಿಯಲ್ಲಿ ನಮ್ಮ ಎರಡು ಕೊಳವೆ ಬಾವಿಗಳಲ್ಲಿ ಒಂದು ಬತ್ತಿಹೋಯಿತು. ಇನ್ನೊಂದು ಕೆಮ್ಮುತ್ತ ಕೆಮ್ಮುತ್ತ ನೀರು ಕೊಡುತ್ತಿತ್ತು. ಮಾರ್ಚಿಯಲ್ಲಿ ನಗರದ ಜಲಮಂಡಲಿಯವರು ಕುಡಿಯುವ ನೀರಿನಿಂದ ಕಾರು ತೊಳೆಯಕೂಡದು, ಕೈತೋಟಕ್ಕೆ ಹಾಯಿಸಕೂಡದು, ತಪ್ಪಿದರೆ 5,000 ರೂಪಾಯಿ ದಂಡ ಎಂದು ಸಾರಿದರು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತದವರು ಬೆಲೆ ಗೊತ್ತುಮಾಡಿದರು: ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಬೆಲೆ ಗೊತ್ತಾಯಿತು; ನಮ್ಮ ಬೀದಿಗೆ ಲಾರಿ ಮಾತ್ರ ಬರಲಿಲ್ಲ.

ಉದ್ಯಾನದ ಮೂಲೆಯಲ್ಲಿ ಸಂಘದ ನಲ್ಲಿಯೊಂದಿದೆ. ಬಡಾವಣೆ ಕಟ್ಟುವ ಕಾಲದಲ್ಲಿ ಗಾರೆ ಕೆಲಸಕ್ಕೆಂದು ಹಾಕಿಸಿದ್ದು. ಕಟ್ಟಡಗಳು ಎದ್ದ ಮೇಲೆಯೂ ಅದು ಉಳಿದುಕೊಂಡಿತು. ಖಾಲಿ ನಿವೇಶನಗಳಲ್ಲಿ ತಗಡಿನ ಗುಡಿಸಲು ಹಾಕಿಕೊಂಡ ಕೂಲಿಗಳು, ರಾತ್ರಿಯ ಕಾವಲುಗಾರರು, ಹೂವು ಮಾರುವಾಕೆ, ಇವರಿಗೆಲ್ಲ ಅದೇ ನೀರು. ಮಾರ್ಚಿ ತಿಂಗಳ ಸಭೆಯಲ್ಲಿ ಆ ನಲ್ಲಿಯ ಮಾತು ಬಂತು. ಮೂರನೆಯ ಅಡ್ಡರಸ್ತೆಯ ಇಂಜಿನಿಯರು ನಮ್ಮ ಆಪ್ತರು. ಬೆಳಗಿನ ವಾಯುಸಂಚಾರದಲ್ಲಿ ನಿತ್ಯದ ಜೊತೆಗಾರರು. ಲೆಕ್ಕದಲ್ಲಿ ಎಂದೂ ತಪ್ಪದವರು. ಅವರು ಅಳೆದು ನೋಡಿ ಬಂದಿದ್ದರು. ದಿನಕ್ಕೆ 3,000 ಲೀಟರು ಆ ನಲ್ಲಿಯಿಂದ ಹೋಗುತ್ತದೆ. 62 ಮನೆಗಳಿಗೆ ಹಂಚಿದರೆ ಮನೆಯೊಂದಕ್ಕೆ ಸುಮಾರು 48 ಲೀಟರು, ಅಂದರೆ ಮೂರು ಕೊಡ. ಹಣ ಕೊಡುವವರು ಸದಸ್ಯರು, ನೀರು ಸದಸ್ಯರಿಗೆ. ವಾದದಲ್ಲಿ ಬಿರುಕು ಕಾಣಲಿಲ್ಲ. ಯಾರೂ ಕ್ರೂರಿಗಳಲ್ಲ, ಎಲ್ಲರ ಮನೆಯಲ್ಲಿಯೂ ಪಾತ್ರೆಗಳು ಒಣಗಿ ಬಿದ್ದಿದ್ದುವು. “ಸದಸ್ಯರ ಹಿತದೃಷ್ಟಿಯಿಂದ ಉದ್ಯಾನದ ನಲ್ಲಿಗೆ ಬೀಗ ಹಾಕತಕ್ಕದ್ದೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು” ಎಂದು ನಾವು ದುಂಡಗೆ ಬರೆದೆವು. ಬೀಗದ ಕೈ ಕಾರ್ಯದರ್ಶಿಯ ಬಳಿ ಇರಬೇಕೆಂದಾಯಿತು. ಮನೆಗೆ ತಂದು, ಬಾಗಿಲ ಪಕ್ಕದ ಮೊಳೆಗೆ, ಪಂಚಾಂಗದ ಮಗ್ಗುಲಲ್ಲಿ ನೇತುಹಾಕಿದೆವು.

ಮೂರನೆಯ ದಿನ ಬೆಳಗ್ಗೆ ಗೇಟಿನ ಬಳಿ ಒಬ್ಬ ಮುದುಕಿ ನಿಂತಿದ್ದಳು. ಸೊಂಟದ ಮೇಲೆ ಮೊಮ್ಮಗು, ಕೈಯಲ್ಲಿ ಎರಡು ಪ್ಲಾಸ್ಟಿಕ್ ಕೊಡ. ಎದುರು ನಿವೇಶನದ ಗುಡಿಸಲಿನವಳು. ಮಗ ಸೊಸೆಯರು ಯಾದಗಿರಿಯ ಕಡೆಯಿಂದ ಕೂಲಿಗೆ ಬಂದವರು.

“ಯವ್ವಾ, ಎರಡ ಕೊಡ ನೀರ ಕೊಡ್ರಿ. ಅಲ್ಲಿ ನಳಕ್ಕ ಕೀಲಿ ಹಾಕ್ಯಾರ್ರಿ” ಎಂದಳು.

ನಮ್ಮ ಮನೆಯಾಕೆ ಕೊಡಗಳನ್ನು ಒಳಗೆ ತಂದು ತುಂಬತೊಡಗಿದಳು. ನಾವು ಜಗಲಿಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದೆವು. ಸುಮ್ಮನಿರಲಾರದೆ, ನಿಮ್ಮ ಕಡೆಯೂ ಬರಗಾಲ ಜೋರೇ ಎಂದು ಕೇಳಿದೆವು. ಆಕೆ ಮಗುವಿನ ಮೂಗೊರಸುತ್ತ ಹೇಳಿದಳು:

“ಬರ ಏನ್ ಹೊಸಾದೇನ್ರಿ ಸಾಹೇಬ್ರ. ನಾ ಸಣ್ಣಾಕಿದ್ದಾಗ ನಮ್ಮೂರಾಗ ಬಾವೀಕಟ್ಟಿ ಹತ್ತಗೊಡತಿದ್ದಿಲ್ರೀ ನಮಗ. ಕೊಡ ಕೆಳಗಿಟ್ಟು ನಿಂತಿರತಿದ್ವಿ. ಯಾರರ ಪುಣ್ಯಾ ಕಟ್ಟಿಕೊಳ್ಳೋರು ಬಂದು ಮ್ಯಾಲಿಂದ ಹೊಯ್ಯೋರು. ಇಲ್ಲಿ ಹೊಯ್ಯೋರನ್ನ ಎಲ್ಲಿ ಹುಡುಕೋದ್ರಿ? ಬರೇ ಕೀಲಿ ಅದ.”

ಇದನ್ನು ಆಕೆ ದೂರಿನಂತೆ ಹೇಳಲಿಲ್ಲ. ತರಕಾರಿಯ ಬೆಲೆಯ ಮಾತಾಡುವಂತೆ ಹೇಳಿದಳು. ಕೊಡ ತುಂಬಿದುವು. ಒಂದನ್ನು ತಲೆಯ ಮೇಲಿಟ್ಟುಕೊಂಡು, ಇನ್ನೊಂದಕ್ಕೆ ಆಮೇಲೆ ಬರುವೆನೆಂದು ಹೇಳಿ ಹೋದಳು. ಬೀಗದ ಕೈ ತನ್ನಿಂದ ಆರಡಿ ದೂರದಲ್ಲಿ ತೂಗುತ್ತಿತ್ತೆಂಬುದು ಆಕೆಗೆ ತಿಳಿದಿರಲಿಲ್ಲ.

ನಾವು ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿಕೊಟ್ಟವರು. ವರ್ಷವರ್ಷವೂ ಮಹಾಡಿನ ಕೆರೆಯ ಪಾಠ ಮಾಡಿದವರು. ಕೊಂಕಣದ ಆ ಊರಿನ ಚೌದಾರ್ ಕೆರೆಯ ನೀರನ್ನು ದನಗಳು ಕುಡಿಯಬಹುದಿತ್ತು. ಅಸ್ಪೃಶ್ಯರೆನಿಸಿಕೊಂಡ ಮನುಷ್ಯರು ಕುಡಿಯುವಂತಿರಲಿಲ್ಲ. 1924ರಲ್ಲಿ ಅಲ್ಲಿಯ ಪುರಸಭೆ ಕೆರೆಯನ್ನು ಎಲ್ಲರಿಗೂ ತೆರೆಯುವ ನಿರ್ಣಯ ಮಾಡಿತು. ನಿರ್ಣಯ ಪುಸ್ತಕದಲ್ಲಿಯೇ ಉಳಿಯಿತು. 1927ರ ಮಾರ್ಚಿ 20ರಂದು ಡಾಕ್ಟರ್ ಅಂಬೇಡ್ಕರರು ಜನರೊಡನೆ ನಡೆದುಹೋಗಿ ಆ ನೀರನ್ನು ಕುಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಪುರಸಭೆ ತನ್ನ ಹಳೆಯ ನಿರ್ಣಯವನ್ನು ರದ್ದುಮಾಡಿತು. ಮೊಕದ್ದಮೆ ಮುಂಬಯಿಯ ಹೈಕೋರ್ಟಿನವರೆಗೆ ಹೋಗಿ ನ್ಯಾಯ ದೊರೆತದ್ದು 1937ರಲ್ಲಿ. ಇಷ್ಟನ್ನು ಹೇಳಿ, ನಾವು ಮಕ್ಕಳನ್ನು ಒಂದು ಪ್ರಶ್ನೆ ಕೇಳುವುದಿತ್ತು: ನಿರ್ಣಯವನ್ನು ರದ್ದುಮಾಡಿದ ಆ ದಿನ ಅದನ್ನು ಬರೆದುಕೊಂಡ ಗುಮಾಸ್ತೆಯ ಮನಸ್ಸಿನಲ್ಲಿ ಏನಿದ್ದಿರಬಹುದು? ಮಕ್ಕಳು ಬಗೆಬಗೆಯಾಗಿ ಉತ್ತರ ಕೊಡುತ್ತಿದ್ದರು. ಸರಿಯಾದ ಉತ್ತರ ನಮಗೆ ಈಗ ದೊರೆಯಿತು. ಏನೂ ಇದ್ದಿರಲಾರದು. ಅಕ್ಷರ ದುಂಡಗೆ ಬಂತೇ ಎಂಬುದಷ್ಟೇ ಇದ್ದಿರಬಹುದು.

ನಮ್ಮ ಬೀಗಕ್ಕೂ ಆ ಕಾಲದ ಕಟ್ಟಳೆಗೂ ಹೋಲಿಕೆಯೇ ಎಂದು ಯಾರಾದರೂ ಕೇಳಬಹುದು. ನಾವು ಜಾತಿ ಕೇಳಿ ಬೀಗ ಹಾಕಿದವರಲ್ಲ ನಿಜ. ನಿವೇಶನದ ಪತ್ರ ಕೇಳಿ ಹಾಕಿದೆವು. ಹೊರಗೆ ನಿಂತವಳು ಮಾತ್ರ ಅದೇ ಹೆಂಗಸು.

ಆ ರಾತ್ರಿ ಮನೆಯಾಕೆಗೆ ಮೂರು ಕೊಡದ ಲೆಕ್ಕವನ್ನು ವಿವರಿಸಿದೆವು. ಆಕೆ ವಾದ ಮಾಡಲಿಲ್ಲ. “ಅಲ್ಲಾರೀ, ಮೂರು ಕೊಡ ತಾನೆ? ಬನ್ನಿ ಇಲ್ಲಿ” ಎಂದು ಅಡಿಗೆ ಮನೆಗೆ ಕರೆದಳು. ನೀರು ಸೋಸುವ ಯಂತ್ರದಿಂದ ಹೊರಗೆ ಹೋಗುವ ನೀರಿನ ಕೊಳವೆಯ ತುದಿಗೆ ಅಂದು ಬೆಳಗಿನಿಂದ ಬಕೆಟ್ಟು ಇಟ್ಟಿದ್ದಳು. ಈ ಯಂತ್ರಗಳು ಒಂದು ಲೀಟರು ಸೋಸಿ ಕೊಡಲು ಎರಡು ಮೂರು ಲೀಟರನ್ನು ಮೋರಿಗೆ ಬಿಡುವುದುಂಟು. ನಮ್ಮಿಬ್ಬರೇ ಇರುವ ಮನೆಯಲ್ಲಿ ಸಂಜೆಯ ಹೊತ್ತಿಗೆ ಎರಡು ಬಕೆಟ್ಟು ತುಂಬಿತ್ತು. ಬಟ್ಟೆ ಜಾಲಿಸಿದ ನೀರು ಇನ್ನೆರಡು ಬಕೆಟ್ಟು. ನೆಲ ಒರೆಸಲು, ಪಾಯಿಖಾನೆಗೆ, ತುಳಸಿಯನ್ನು ಬಿಟ್ಟು ಮಿಕ್ಕ ಗಿಡಗಳಿಗೆ ಇದು ಸಾಕು. ಮೂರು ಕೊಡ ನಮ್ಮ ಮನೆಯಲ್ಲಿಯೇ ಇತ್ತು, ಲೆಕ್ಕದಲ್ಲಿ ಬಂದಿರಲಿಲ್ಲ.

ಮರುವಾರ ವಿಶೇಷ ಸಭೆ ಕರೆದೆವು. 58 ಮನೆಗಳವರು ಬಂದರು. ಆ ದಿನ ವಡೆ ಇರಲಿಲ್ಲ. ಬಕೆಟ್ಟಿನ ಲೆಕ್ಕವನ್ನು ಮುಂದಿಟ್ಟು, ಬೆಳಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ನಲ್ಲಿ ತೆರೆಯಬೇಕೆಂದು ಸೂಚಿಸಿದೆವು. ಮುದುಕಿಯ ಮಾತನ್ನೂ ಹೇಳಿದೆವು. ಇಂಜಿನಿಯರು ಎದ್ದುನಿಂತರು. ಮನಸ್ಸು ಕರಗಿದೆಯೆಂದು ಬಾವಿ ತುಂಬುವುದಿಲ್ಲ. ಇದ್ದೊಂದು ಬಾವಿಯೂ ಏಪ್ರಿಲಿನಲ್ಲಿ ಬತ್ತಿದರೆ ಎರಡನೆಯ ಅಡ್ಡರಸ್ತೆಯಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಗೆ ನೀರು ಯಾರು ಕೊಡುವರು ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ. ಬಾವಿ ಬತ್ತಬಹುದಿತ್ತು. ಮತ ಹಾಕಿದರು: ತೆರೆಯುವುದಕ್ಕೆ 30, ಬೇಡವೆಂದು 28. ಇಂಜಿನಿಯರು ಅಲ್ಲಿಯೇ ಮಂಡಲಿಗೆ ರಾಜೀನಾಮೆ ಬರೆದುಕೊಟ್ಟರು. ಮರುದಿನದಿಂದ ವಾಯುಸಂಚಾರಕ್ಕೆ ನಾವು ಒಬ್ಬರೇ ಹೋದೆವು.

ಬೆಳಗ್ಗೆ ಆರಕ್ಕೆ ನಾವೇ ಹೋಗಿ ಬೀಗ ತೆಗೆಯುತ್ತಿದ್ದೆವು. ಹೂವಿನಾಕೆ ಕೊಡಗಳನ್ನು ಸಾಲಾಗಿ ಇಡಿಸುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡಳು. ಸಾಲಿದ್ದುದರಿಂದ ಚೆಲ್ಲುವುದು ನಿಂತಿತು. 3,000 ಲೀಟರು ಬೇಕಾಗುತ್ತಿದ್ದಲ್ಲಿ 1,800ಕ್ಕೆ ಎಲ್ಲರ ಕೊಡವೂ ತುಂಬುತ್ತಿತ್ತು. ಇದನ್ನು ಮೀಟರು ಹಾಕಿ ಅಳೆದೆವು. ಬಾವಿ ಕೆಮ್ಮುತ್ತಲೇ ಇತ್ತು, ಬತ್ತಲಿಲ್ಲ. ಮೇ ತಿಂಗಳಲ್ಲಿ ಮಳೆ ಬಂತು.

ಮಳೆ ಬರುವುದಕ್ಕೆ ಕೆಲವು ದಿನ ಮುಂಚೆ, ಒಂದು ಬೆಳಗ್ಗೆ ನಾವು ಹೋಗುವ ವೇಳೆಗೆ ಇಂಜಿನಿಯರು ನಲ್ಲಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಕೈಯಲ್ಲಿ ಸ್ಪ್ಯಾನರು, ಪಕ್ಕದಲ್ಲಿ ಸವೆದುಹೋದ ವಾಷರು. ನಮ್ಮನ್ನು ನೋಡಿ, “ನಿಮ್ಮ ನಿರ್ಣಯ ತಪ್ಪೇ, ಮೇಷ್ಟ್ರೇ. ಆದರೆ ನಲ್ಲಿ ಹೀಗೆ ತೊಟ್ಟಿಕ್ಕುವುದು ಅದಕ್ಕಿಂತ ದೊಡ್ಡ ತಪ್ಪು” ಎಂದರು. ಬೀಗದ ಕೈಯನ್ನು ಅವರಿಗೆ ಕೊಟ್ಟೆವು. ತಾವೇ ತೆಗೆದರು. ಅನಂತರ ಇಬ್ಬರೂ ಕೆರೆಯ ಏರಿಯವರೆಗೆ ನಡೆದುಹೋದೆವು. ನೀರಿನ ಮಾತು ಯಾರೂ ಎತ್ತಲಿಲ್ಲ.

ಎದುರು ನಿವೇಶನದಲ್ಲಿ ಈಗ ಮನೆ ಎದ್ದಿದೆ. ಗುಡಿಸಲು ಕಿತ್ತ ದಿನ ಮುದುಕಿ ಗೇಟಿನವರೆಗೆ ಬಂದು, ನೀರು ಕೊಟ್ಟದ್ದಕ್ಕಾಗಿ ನಮ್ಮ ಮನೆಯಾಕೆಯ ಗಲ್ಲ ಸವರಿ, ದೃಷ್ಟಿ ನಿವಾಳಿಸಿ ಲಟಿಗೆ ಮುರಿದಳು. ಬೀಗ ಹಾಕಿಸಿದ ನಿರ್ಣಯವನ್ನು ಬರೆದವರು ನಾವೆಂದು ಆಗಲಾದರೂ ಹೇಳಬಹುದಾಗಿತ್ತು. ನಾಲಗೆ ಏಳಲಿಲ್ಲ. ಲಾರಿ ಹೊರಟುಹೋಯಿತು.

ನಡವಳಿ ಪುಸ್ತಕದಲ್ಲಿ ಆ ವರ್ಷದ ಎರಡು ನಿರ್ಣಯಗಳೂ ಒಂದರ ಹಿಂದೆ ಒಂದರಂತೆ ಇವೆ: ಬೀಗ ಹಾಕಿದ್ದು, ತೆಗೆದದ್ದು. ಎರಡೂ ಒಂದೇ ಕೈಬರಹ. ಆ ಮುದುಕಿಗೆ ಹೇಳದೆ ಉಳಿದ ಮಾತಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಆದಕಾರಣ ಅದನ್ನು ಇಲ್ಲಿ ಬರೆದಿದ್ದೇವೆ.