ತಾತ ಕೇಳಿದ್ದು, ನಾವು ಓದಿದ್ದು

ನಮ್ಮದು ಮಂಡ್ಯ, ಮದ್ದೂರು, ಮಳವಳ್ಳಿ ಅಂತ ಮೂರು ಕಡೆ ಹಂಚಿಹೋಗಿರೋ ಮನೆ. ದೊಡ್ಡಪ್ಪ ಮಂಡ್ಯದಲ್ಲಿ, ಅತ್ತೆ ಮದ್ದೂರಿನಲ್ಲಿ, ತಾತ-ಅಜ್ಜಿ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಾವು ಮೊಮ್ಮಕ್ಕಳು ಮೂವರೂ ಇಂಗ್ಲಿಷ್ ಮೀಡಿಯಂ. ಮನೆಗೆ ಯಾವ ಕಾಗದ ಬಂದ್ರೂ, ಮೊಬೈಲಿಗೆ ಯಾವ ಮೆಸೇಜ್ ಬಂದ್ರೂ ತಾತ ನಮ್ಮನ್ನೇ ಕರೀತಿದ್ರು. "ಅದೇನ್ ಬರ್ದವ್ರೆ, ವಸಿ ಓದ್ರಪ್ಪ" ಅನ್ನೋರು. ನಮಗೂ ಅದರಲ್ಲಿ ಒಂಥರಾ ಜಂಬ ಇತ್ತು.

2020ರ ಲಾಕ್‌ಡೌನ್‌ನಲ್ಲಿ ನಾವು ಮೂವರೂ ಹಳ್ಳಿ ಮನೆ ಸೇರಿದ್ವಿ. ಬೆಳಿಗ್ಗೆ ಎದ್ದರೆ ಅಜ್ಜಿಯ ಕಷಾಯ. ಅಮೃತಬಳ್ಳಿ, ತುಳಸಿ, ಮೆಣಸು, ಶುಂಠಿ, ಆಲೆಮನೆ ಬೆಲ್ಲ. ಕುಡೀದೆ ಇದ್ರೆ ತಿಂಡಿ ಇಲ್ಲ. ಜೊತೆಗೆ ಯಾರೋ ತಂದುಕೊಟ್ಟ ಹೋಮಿಯೋಪತಿ ಗುಳಿಗೆ, ಆರ್ಸೆನಿಕಮ್ ಆಲ್ಬಮ್ 30. ಆ ವರ್ಷದ ಜನವರಿಯಲ್ಲಿ ಕೇಂದ್ರದ ಆಯುಷ್ ಸಚಿವಾಲಯವೇ ಮುನ್ನೆಚ್ಚರಿಕೆಗೆ ಅದನ್ನು ತಗೋಬಹುದು ಅಂತ ಸಲಹೆ ಕೊಟ್ಟಿತ್ತು. ನಮಗೆ ಅದು ಬರೀ ಸಿಹಿ, ಕದ್ದು ತಿಂತಿದ್ವಿ. ಪಿಯುಸಿ ಕೆಮಿಸ್ಟ್ರಿಗೆ ಬಂದ ಮೇಲೆ ಲೆಕ್ಕ ಹಾಕಿದ್ವಿ. ನೂರರಲ್ಲಿ ಒಂದು ಪಾಲಿನಂತೆ 30 ಸಲ ತೆಳು ಮಾಡಿದ್ರೆ ಅದು 10ರ ಘಾತ 60. ಅವೊಗಾಡ್ರೊ ಸಂಖ್ಯೆ ಇರೋದು 10ರ ಘಾತ 23ರ ಲೆಕ್ಕದಲ್ಲಿ. ಅಂದ್ರೆ ಆ ಗುಳಿಗೆಯಲ್ಲಿ ಮೂಲ ವಸ್ತುವಿನ ಒಂದು ಅಣುವೂ ಇದ್ದಿರೋ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬಹುದು.

ಕಷಾಯದಿಂದಾಗಲಿ ಗುಳಿಗೆಯಿಂದಾಗಲಿ ನಮಗೆ ಕೇಡಾಗಲಿಲ್ಲ. ಆ ವರ್ಷ ಮನೇಲಿ ಯಾರಿಗೂ ಕೊರೊನಾ ಬರಲಿಲ್ಲ. ನಾವು ಹಳ್ಳಿ ಬಿಟ್ಟು ಎಲ್ಲೂ ಹೋಗಿರಲಿಲ್ಲ, ನಮ್ಮಲ್ಲಿಗೂ ಯಾರೂ ಬಂದಿರಲಿಲ್ಲ. ಆದ್ರೆ ತಾತ ಪೂರ್ತಿ ಕ್ರೆಡಿಟ್ ಕಷಾಯಕ್ಕೆ ಕೊಟ್ಟರು. ನಾವೂ ಹೂಂ ಅಂದ್ವಿ.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯ್ತು. ಆಶಾ ಅಕ್ಕ ಎರಡು ಸಲ ಮನೆಗೆ ಬಂದು ಕರೆದ್ರು. ತಾತ ಲಸಿಕೆ ವಿರೋಧಿ ಏನಲ್ಲ. ಚಿಕ್ಕಂದಿನಲ್ಲಿ ನಮಗೆಲ್ಲ ಪೋಲಿಯೊ ಹನಿ ಹಾಕಿಸೋಕೆ ಎತ್ಕೊಂಡು ಹೋಗ್ತಿದ್ದೋರು ಅವರೇ. ಆದ್ರೆ ಸೂಜಿ ಹಾಕಿಸಿದ್ರೆ ಬಾಡು ತಿನ್ನಂಗಿಲ್ಲ ಅಂತ ಊರಲ್ಲಿ ಯಾರೋ ಹಬ್ಬಿಸಿದ್ರು. "ಹೊಸತೊಡಕು ಮುಗೀಲಿ ಬುಡವ್ವ, ಆಮ್ಯಾಲೆ ಬತ್ತೀನಿ" ಅಂತ ಹೇಳಿ ಕಳಿಸಿದ್ರು.

ಏಪ್ರಿಲ್ 13 ಯುಗಾದಿ. ನಾವೆಲ್ಲ ಊರಲ್ಲಿದ್ವಿ. ಬೇವು-ಬೆಲ್ಲ ತಿಂದು ಜಗಲಿ ಮೇಲೆ ಕೂತಿದ್ದಾಗ ತಾತನ ಮೊಬೈಲಿಗೆ ಒಂದು ಉದ್ದನೆ ಇಂಗ್ಲಿಷ್ ಮೆಸೇಜ್ ಬಂತು. ಮನುಷ್ಯನ ಮೈಯಲ್ಲೇ ಸಹಜವಾದ ಶಕ್ತಿ ಇದೆ, ಲಸಿಕೆ ಅದನ್ನು ಹಾಳು ಮಾಡುತ್ತೆ, ಗಿಡಮೂಲಿಕೆ ತಗೊಳ್ಳೋರಿಗೆ ಅದರ ಅಗತ್ಯವೇ ಇಲ್ಲ ಅಂತ ಬರೆದಿತ್ತು. ಕೆಳಗೆ ಯಾರೋ ಡಾಕ್ಟರ್ ಹೆಸರು. ಅವರು ಯಾರು, ನಿಜವಾಗ್ಲೂ ಇದ್ದಾರಾ ಅಂತ ನಾವು ನೋಡಲೇ ಇಲ್ಲ. ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದ್ವಿ. "ಡಾಕ್ಟರೇ ಬರ್ದಿದಾರೆ ತಾತ" ಅಂತ ನಮ್ಮ ಕಡೆಯಿಂದ ಒಂದು ಮಾತು ಸೇರಿಸಿದ್ವಿ.

"ನಾನೂ ಅದ್ನೇ ಅಂದಿದ್ದು ಕಣ್ರಪ್ಪ. ಮೈಯಾಗಿರೋ ಶಕ್ತಿ ಮುಂದೆ ಸೂಜಿ ಯಾವ ಲೆಕ್ಕ" ಅಂದ್ರು ತಾತ. ಹೊಸತೊಡಕು ಮುಗೀತು. ಅವರು ಹೋಗಲಿಲ್ಲ.

ಮೇ ತಿಂಗಳಲ್ಲಿ ಜ್ವರ ಬಂತು. ಮೂರು ದಿನ ಕಷಾಯ, ಹಬೆ. ನಾಲ್ಕನೇ ದಿನ ಉಸಿರು ಕಟ್ಟೋಕೆ ಶುರುವಾದಾಗ ಮಂಡ್ಯದಲ್ಲಿ ಆಸ್ಪತ್ರೆಗೆ ಸೇರಿಸಿದ್ರು. ಎಂಟನೇ ದಿನ ತಾತ ಹೋದ್ರು. ನಾವು ಮೂವರೂ ಮುಖ ನೋಡಲಿಲ್ಲ.

ಮಾರ್ಚ್‌ನಲ್ಲೇ ಲಸಿಕೆ ಹಾಕಿಸಿದ್ದಿದ್ರೆ ಉಳೀತಿದ್ರು ಅಂತ ಗ್ಯಾರಂಟಿ ಹೇಳೋಕಾಗಲ್ಲ. ಆದ್ರೆ ಉಳಿಯೋ ಅವಕಾಶ ಹೆಚ್ಚಿರ್ತಿತ್ತು. ಅದನ್ನು ತಪ್ಪಿಸಿದ್ದರಲ್ಲಿ ನಮ್ಮ ಪಾಲೂ ಇದೆ. ಮನೇಲಿ ಇದನ್ನ ಯಾರೂ ನಮಗೆ ಹೇಳಿಲ್ಲ. ನಾವೇ ಹೇಳ್ಕೊಂಡಿದ್ದು.

ಆಮೇಲೆ ಅಜ್ಜಿ ಲಸಿಕೆಗೆ ಒಪ್ಪಿದ್ರು. ಆಶಾ ಅಕ್ಕ ಬಂದು, ಕಷಾಯ ಬಿಡಿ ಅಂತ ಒಂದು ಮಾತೂ ಆಡದೆ, ಅಜ್ಜಿ ಕೊಟ್ಟ ಕಷಾಯ ಕುಡಿದು, "ಇದೂ ಇರ್ಲಿ, ಅದೂ ಆಗ್ಲಿ ಕಣಜ್ಜಿ" ಅಂದ್ರು. ಅಜ್ಜಿ ಸೆರಗು ಸರಿಸಿ ತೋಳು ಕೊಟ್ಟಾಗ ನಾವು ಅಲ್ಲೊಂದು ದುಂಡನೆ ಹಳೇ ಗುರುತು ನೋಡಿದ್ವಿ. ಚಿಕ್ಕಂದಿನಲ್ಲಿ ಸಿಡುಬಿಗೆ ಹಾಕಿದ ಲಸಿಕೆಯದ್ದು. ಆ ಕಾಲದವರು ಸಿಡುಬು ಬಂದ್ರೆ ಅಮ್ಮ ಬಂದವ್ಳೆ ಅಂತ ಬೇವಿನ ಸೊಪ್ಪು ಕಟ್ಟೋರು, ಮಾರಮ್ಮನಿಗೆ ತಂಪು ಮಾಡೋರು. ಮಕ್ಕಳ ತೋಳನ್ನೂ ಒಡ್ಡಿದ್ರು. 1977ರಲ್ಲಿ ಭಾರತ ಸಿಡುಬು ಮುಕ್ತ ಅಂತ ಘೋಷಣೆ ಆಯ್ತು. ನಮ್ಮ ಹಳೇ ಮೈಸೂರು ಸೀಮೆಗೆ ಲಸಿಕೆ ಹೊಸದೂ ಅಲ್ಲ. ಥಾಮಸ್ ಹಿಕ್ಕಿ 1805ರಲ್ಲಿ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದಿದ್ದಾನೆ. ಅದು ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಬರೆಸಿದ್ದು ಅಂತ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದ.

2022ರ ಜನವರಿಯಲ್ಲಿ 15 ದಾಟಿದವರಿಗೂ ಲಸಿಕೆ ಶುರುವಾದಾಗ ನಾವೂ ಹಾಕಿಸಿಕೊಂಡ್ವಿ. ಲಸಿಕೆ ಹೇಗೆ ಕೆಲಸ ಮಾಡುತ್ತೆ ಅಂತ ಪಿಯುಸಿಗೆ ಬಂದ ಮೇಲೆ ಸರಿಯಾಗಿ ಓದಿದಾಗ ನಮಗೆ ಹೊಟ್ಟೆ ಉರಿದಿದ್ದು ಒಂದೇ ವಿಷಯಕ್ಕೆ. ಲಸಿಕೆ ಮೈಯ ಶಕ್ತಿಯನ್ನ ಹಾಳು ಮಾಡಲ್ಲ. ಅದು ಕೆಲಸ ಮಾಡೋದೇ ಆ ಶಕ್ತಿಯಿಂದ. ರೋಗ ಬರೋಕೆ ಮುಂಚೆ ಅದರ ಗುರುತು ತೋರಿಸಿ ಮೈಗೆ ತಾಲೀಮು ಕೊಡುತ್ತೆ. ತಾತ ಹರೆಯದಲ್ಲಿ ಗರಡಿಗೆ ಹೋಗ್ತಿದ್ದೋರು. ಅಖಾಡಕ್ಕೆ ಇಳಿಯೋ ಮುಂಚೆ ತಾಲೀಮು ಯಾಕೆ ಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಿಂಗೆ ಹೇಳಿದ್ರೆ ಒಪ್ತಿದ್ರೇನೋ. ಆದ್ರೆ ಆವತ್ತು ನಮಗೆ ಗೊತ್ತಿದ್ದದ್ದು ಇಮ್ಯುನಿಟಿ, ಆಂಟಿಬಾಡಿ ಅನ್ನೋ ಪದಗಳು ಮಾತ್ರ. ಅದನ್ನು ಕನ್ನಡದಲ್ಲಿ ಹೇಳೋಕೆ ಬರ್ತಿರಲಿಲ್ಲ. ಸುಳ್ಳು ಮೆಸೇಜನ್ನ ಮಾತ್ರ ಚೆನ್ನಾಗಿ ಕನ್ನಡ ಮಾಡಿ ಹೇಳಿದ್ವಿ.

ಈಗಲೂ ಊರಿಗೆ ಹೋದ್ರೆ ಅಜ್ಜಿ ಕಷಾಯ ಕೊಡ್ತಾರೆ, ಕುಡೀತೀವಿ. ನೆಗಡಿಗೆ ಗಂಟಲಿಗೆ ಹಿತ. ಮೊಬೈಲಿಗೆ ಏನಾದ್ರೂ ಬಂದ್ರೆ ಅಜ್ಜಿ ಈಗ ನಮ್ಮನ್ನ ಕರೀತಾರೆ. "ಇರಜ್ಜಿ, ವಸಿ ನೋಡಿ ಹೇಳ್ತೀವಿ" ಅಂತೀವಿ. ಯಾರು ಬರೆದದ್ದು, ಎಲ್ಲಿಂದ ಬಂದದ್ದು ಅಂತ ಹುಡುಕಿ ಆಮೇಲೆ ಬಾಯಿ ಬಿಡ್ತೀವಿ. ಈ ಹಬ್ಬಕ್ಕೆ ನೀವೂ ಊರಿಗೆ ಹೋಗ್ತೀರಿ. ನಿಮ್ಮನೇಲೂ ಯಾರಾದ್ರೂ ಮೊಬೈಲ್ ಹಿಡ್ಕೊಂಡು ಓದಿ ಹೇಳು ಅಂತ ಬರ್ತಾರೆ. ಅವರು ನಂಬೋದು ಮೆಸೇಜನ್ನಲ್ಲ, ಓದಿ ಹೇಳೋ ನಿಮ್ಮನ್ನ. ಒಂದೈದು ನಿಮಿಷ ತಡ ಮಾಡಿ ಹೇಳಿ.