ಬಾಂಬರ್ಗ್‌ನ ಹೊಗೆ, ಅಮ್ಮನ ಮೊಳಕೆ ಬಟ್ಟೆ

ಬಾಂಬರ್ಗ್‌ನ ಶ್ಲೆಂಕರ್ಲಾದಲ್ಲಿ ಮೊದಲ ಗುಟುಕು ಕುಡಿದಾಗ ನೆನಪಾಗಿದ್ದು ತುರುವೇಕೆರೆ ಹತ್ತಿರದ ನಮ್ಮ ಅಜ್ಜಿ ಮನೆಯ ಹಾಲು. ಸೌದೆ ಒಲೆ ಮೇಲೆ ಕಾಯಿಸುವಾಗ ಒಂಚೂರು ಹೊಗೆ ಹಿಡಿದಿರುತ್ತಲ್ಲ, ಅದೇ ವಾಸನೆ. ಜೊತೆಗೆ ಬಂದಿದ್ದ ಕಲೀಗ್ ಗ್ಲಾಸನ್ನು ದೂರ ತಳ್ಳಿ, "ಇದು ಹ್ಯಾಮ್ ನೆನೆಸಿದ ನೀರು ಕಣೋ" ಅಂದ. ಅವನ ಗ್ಲಾಸೂ ನನಗೇ ಬಂತು.

ನಾನು ಕೆಲಸ ಮಾಡೋದು ನ್ಯೂರೆಂಬರ್ಗ್‌ನಲ್ಲಿ. ಅಲ್ಲಿಂದ ಬಾಂಬರ್ಗ್‌ಗೆ ರೈಲಲ್ಲಿ ಒಂದು ಗಂಟೆಯೂ ಹಿಡಿಯಲ್ಲ. ರೆಗ್ನಿಟ್ಸ್ ನದಿಯ ನಡುವೆ ನಿಂತಿರುವ ಹಳೆಯ ಪುರಭವನ, ಗುಡ್ಡದ ಮೇಲಿನ ಕೆಥೆಡ್ರಲ್, 1993ರಲ್ಲಿ ಸಿಕ್ಕ ಯುನೆಸ್ಕೊ ಪಟ್ಟ... ಎಲ್ಲರೂ ಫೋಟೊ ತೆಗೆಯೋದು ಇವನ್ನೇ. ನಾನೂ ತೆಗೆದೆ. ಆದರೆ ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಮನೆಯಲ್ಲಿ ಬಾರ್ಲಿ ಮೊಳಕೆ ಬರಿಸಲು ಹೋಗಿ ಎರಡು ಸಲ ಸೋತಿದ್ದೆ.

ಮೊದಲನೇ ಸಲದ್ದು ಹೇಳಿಕೊಳ್ಳೋಕೂ ನಾಚಿಕೆ. ಬಾರ್ಲಿ ನೀರು ಮಾಡ್ತೀವಲ್ಲ, ಅದೇ ಬಿಳಿ ಬಾರ್ಲಿಯನ್ನು ಅಂಗಡಿಯಿಂದ ತಂದು ನೆನೆಹಾಕಿದೆ. ಮೂರು ದಿನವಾದರೂ ಮೊಳಕೆಯ ಸುಳಿವಿಲ್ಲ, ಬರೀ ಹುಳಿ ವಾಸನೆ. ಪಾಲಿಶ್ ಮಾಡಿದ ಕಾಳು ಎಲ್ಲಿಂದ ಮೊಳೆಯಬೇಕು! ಎರಡನೇ ಸಲ ರೈತರೊಬ್ಬರ ಹತ್ತಿರ ಸಿಪ್ಪೆಯಿರುವ ಬಾರ್ಲಿ ಎರಡು ಕಿಲೋ ತಂದೆ. ಮೊಳಕೆಯೇನೋ ಬಂತು. ಟಬ್‌ನಲ್ಲಿ ರಾಶಿ ಹಾಕಿ ಆಫೀಸಿಗೆ ಹೋದೆ. ಸಂಜೆ ಬಂದು ಕೈ ಹಾಕಿದರೆ ರಾಶಿ ಒಳಗೆ ಸುಡ್ತಾ ಇದೆ. ಮರುದಿನ ಬೇರುಗಳೆಲ್ಲ ಹೆಣೆದುಕೊಂಡು ಚಾಪೆಯಂತಾಗಿ, ಮೇಲೆ ಬೂಸ್ಟು.

ಶ್ಲೆಂಕರ್ಲಾದಲ್ಲಿ ಜಾಗ ಸಿಕ್ಕ ಕಡೆ ಅಪರಿಚಿತರ ಜೊತೆ ಕೂರಬೇಕು. ನಮ್ಮ ಮೇಜಿನಲ್ಲಿದ್ದ ಹಿರಿಯರು ಮನೆಯಲ್ಲೇ ಬಿಯರ್ ಮಾಡುವವರು. ಹೊಗೆ ಎಲ್ಲಿಂದ ಬಂತು ಅಂತ ವಿವರಿಸಿದ್ದು ಅವರೇ. ಮೊಳೆತ ಕಾಳನ್ನು ಸರಿಯಾದ ಹೊತ್ತಿಗೆ ಒಣಗಿಸಿ ನಿಲ್ಲಿಸದಿದ್ದರೆ ಅದು ಗಿಡವಾಗಲು ಹೊರಡುತ್ತೆ, ಒಳಗಿನ ಹಿಟ್ಟೆಲ್ಲ ತಾನೇ ತಿಂದುಬಿಡುತ್ತೆ. ಹಿಂದೆ ಕಟ್ಟಿಗೆ ಬೆಂಕಿಯ ಮೇಲೆ ಒಣಗಿಸುತ್ತಿದ್ದ ಊರುಗಳಲ್ಲಿ ಬಿಯರ್‌ಗೆ ಹೊಗೆವಾಸನೆ ಇದ್ದೇ ಇರುತ್ತಿತ್ತು. ಬರೀ ಬಿಸಿಗಾಳಿಯಲ್ಲಿ ಒಣಗಿಸುವ ಗೂಡುಗಳು ಬಂದ ಮೇಲೆ ಅದು ಹೋಯಿತು. 1405ರ ದಾಖಲೆಯಲ್ಲೇ ಹೆಸರಿರುವ ಶ್ಲೆಂಕರ್ಲಾ ಮತ್ತು 1536ರ ಷ್ಪೆಟ್ಸಿಯಾಲ್ ಮಾತ್ರ ಇವತ್ತಿಗೂ ತಮ್ಮ ಮಾಲ್ಟನ್ನು ತಾವೇ ಮಾಡಿಕೊಂಡು, ಬೀಚ್ ಮರದ ಬೆಂಕಿಯ ಹೊಗೆಯಲ್ಲಿ ಒಣಗಿಸುತ್ತವೆ.

ನನ್ನ ಚಾಪೆಯ ಕತೆ ಹೇಳಿದೆ. ಅವರು ನಗಲಿಲ್ಲ. "ಕಾಳು ಉಸಿರಾಡುತ್ತೆ, ಅದಕ್ಕೇ ಬಿಸಿಯಾಗುತ್ತೆ. ತೆಳ್ಳಗೆ ಹರವಬೇಕು, ತಿರುವುತ್ತಾ ಇರಬೇಕು" ಅಂದರು.

ಇದನ್ನು ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು. ವಾಪಸ್ ರೈಲಿನಲ್ಲಿ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ರಾಗಿ ಮೊಳಕೆ ಕಟ್ಟೋದು ಹೆಂಗೆ?"

"ಯಾಕ್ಲಾ ಮಗ, ಅಲ್ಲಿ ರಾಗಿ ಸಿಗ್ತದಾ?"

"ಸಿಗ್ತದೆ" ಅಂದೆ. ಅದು ಸುಳ್ಳಲ್ಲ. ನಿಜ ಹೇಳಿದಂತೆಯೂ ಅಲ್ಲ.

"ರಾತ್ರಿ ನೆನೆಹಾಕು. ಬೆಳಿಗ್ಗೆ ನೀರು ಪೂರಾ ಬಸಿ, ನೀರಲ್ಲೇ ಬಿಟ್ರೆ ಉಸಿರುಕಟ್ಟಿ ಸಾಯ್ತದೆ. ಬಟ್ಟೇನ ಬಿಗಿಯಾಗಿ ಕಟ್ಬೇಡ. ಆಗಾಗ ಕೈಯಾಡ್ಸು, ಬಿಸಿ ಬಂದ್ರೆ ಹರವು."

ಬಾಂಬರ್ಗ್‌ನ ಪಾಠವೇ! ಮಕ್ಕಳಿಗೆ ಕೊಡುವ ರಾಗಿ ಸರಿಗೆ ಮೊಳಕೆ ಕಟ್ಟುವುದರ ಹಿಂದೆ ಇರುವುದೂ ಅದೇ ಕೆಮಿಸ್ಟ್ರಿ. ಮೊಳೆಯುವಾಗ ಹುಟ್ಟುವ ಕಿಣ್ವ ಹಿಟ್ಟನ್ನು ಸಕ್ಕರೆಯಾಗಿ ಒಡೆಯುತ್ತೆ, ಅದಕ್ಕೇ ಸರಿ ತೆಳ್ಳಗೆ, ಸಿಹಿಯಾಗಿ ಬರುತ್ತೆ. ಬಿಯರ್‌ಗೂ ಬೇಕಿರೋದು ಆ ಸಕ್ಕರೆಯೇ.

ಹಾಗಾದರೆ ಅಮ್ಮನಿಗೆ ಯಾಕೆ ಹೇಳಲಿಲ್ಲ? ಅಮ್ಮನ ಅಪ್ಪ, ನಮ್ಮ ತಾತ, ಕುಡಿತಕ್ಕೆ ಒಂದೂವರೆ ಎಕರೆ ಗದ್ದೆ ಕಳೆದವರು. ನಮ್ಮನೇಲಿ ಆ ಮಾತೇ ಬರಲ್ಲ.

ಮೂರನೇ ಸಲ ಫ್ಲಾಟಿನ ನೆಲಮಾಳಿಗೆಯಲ್ಲಿ ಬೆಡ್‌ಶೀಟ್ ಹಾಸಿದೆ. ಅಲ್ಲಿ 14 ಡಿಗ್ರಿ ಇರುತ್ತೆ, ಮಾಲ್ಟ್‌ಗೆ ಹೇಳಿ ಮಾಡಿಸಿದಂಥ ಜಾಗ. ಎರಡು ದಿನ ನೆನೆಸುವುದು, ಬಸಿಯುವುದು, ಗಾಳಿಗೆ ಬಿಡುವುದು, ಮತ್ತೆ ನೆನೆಸುವುದು. ಆಮೇಲೆ ಐದು ದಿನ, ಎಂಟು ಗಂಟೆಗೊಮ್ಮೆ ತಿರುವುವುದು. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಚಪ್ಪಲಿ ಮೆಟ್ಟಿ ಇಳಿಯುತ್ತಿದ್ದೆ (ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆ ಇದು ಹೊಸದಲ್ಲ). ಬಾಗಿಲು ತೆಗೆದರೆ ಎಳೆ ಸೌತೆಕಾಯಿ ಹೆಚ್ಚಿದ ವಾಸನೆ. ಸಿಪ್ಪೆಯೊಳಗಿನ ಮೊಳಕೆ ಕಾಳಿನ ಮುಕ್ಕಾಲು ಉದ್ದಕ್ಕೆ ಬಂದಾಗ ನಿಲ್ಲಿಸಬೇಕು. ಉಗುರಲ್ಲಿ ಸೀಳಿ ನೋಡೋದು, ಅಷ್ಟೇ ಪರೀಕ್ಷೆ. ಓವನ್‌ನಲ್ಲಿ, ಬಾಗಿಲಿಗೆ ಸೌಟು ಸಿಕ್ಕಿಸಿ, 50 ಡಿಗ್ರಿಯಲ್ಲಿ ಇಡೀ ದಿನ ಒಣಗಿಸಿ, ಕೊನೆಗೆ 80ಕ್ಕೆ ಏರಿಸಿದೆ. ದಿಂಬಿನ ಚೀಲದಲ್ಲಿ ಹಾಕಿ ಉಜ್ಜಿದರೆ ಬೇರೆಲ್ಲ ಉದುರಿತು.

ಸುಮಾರು ಎಂಟು ಲೀಟರ್ ಬಿಯರ್ ಆಯಿತು. ಇಲ್ಲಿ ಸ್ವಂತಕ್ಕೆ ಮಾಡಿಕೊಳ್ಳೋದಕ್ಕೆ ಅಡ್ಡಿಯಿಲ್ಲ, 2024ರಿಂದ ವರ್ಷಕ್ಕೆ 500 ಲೀಟರ್‌ವರೆಗೆ ತೆರಿಗೆಯೂ ಇಲ್ಲ. ಸ್ವಲ್ಪ ಮಬ್ಬಾಗಿತ್ತು, ನೊರೆ ಬೇಗ ಇಳೀತು. ಕಲೀಗ್ ಮಾತ್ರ ಈ ಸಲ ಗ್ಲಾಸ್ ತಳ್ಳಲಿಲ್ಲ.

ಆ ಭಾನುವಾರ ವಿಡಿಯೊ ಕಾಲ್‌ನಲ್ಲಿ ಅಮ್ಮ, "ರಾಗಿ ಚೆನ್ನಾಗಿ ಮೊಳೀತಾ?" ಅಂದ್ಲು. ತಡೆಯೋಕಾಗಲಿಲ್ಲ. ಬಾಟಲಿ ತೋರಿಸಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಒಬ್ಬನೇ ಕುಡಿಯೋಕಾ?"

"ಇಲ್ಲಮ್ಮ, ನಾಲ್ಕು ಜನಕ್ಕೆ."

ಫೋನನ್ನು ಅಪ್ಪನ ಕೈಗೆ ಕೊಟ್ಟು ಎದ್ದು ಹೋದಳು. ಅಪ್ಪ ಮಳೆ ವಿಷಯ ಮಾತಾಡಿದರು.

ಮರುದಿನ ಒಂದು ವಾಯ್ಸ್ ನೋಟ್ ಬಂತು. "ಮೊಳೆತ ಕಾಳು ಉಳಿದಿದ್ರೆ ಬಿಸಾಕ್ಬೇಡ. ಹಿಟ್ಟು ಮಾಡಿ, ಹಾಲು ಹಾಕಿ ಗಂಜಿ ಕುಡಿ." ಬಿಯರ್ ಬಗ್ಗೆ ಒಂದು ಮಾತಿಲ್ಲ. ಇವತ್ತಿಗೂ ಕೇಳಿಲ್ಲ.

ಒಂದು ಹಿಡಿ ಉಳಿದಿತ್ತು. ಮಿಕ್ಸಿಗೆ ಹಾಕಿ ಎರಡು ಸಲ ಜರಡಿ ಹಿಡಿದೆ. ಬಾರ್ಲಿ ಸಿಪ್ಪೆ ಗಂಟಲಿಗೆ ಚುಚ್ಚುತ್ತೆ ನೋಡಿ. ಗಂಜಿ ತೆಳ್ಳಗೆ ಬಂತು, ಸಕ್ಕರೆ ಬೇಕಾಗಲಿಲ್ಲ. ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ.